ನೀರು ಕುಡಿದ ಕಬ್ಬಿಣ

ಬೆಳಗಿನ ಕಾಫಿಯ ಜೊತೆಗೆ ದಿನಪತ್ರಿಕೆಯನ್ನು ಬಿಡಿಸುವ ಪಟ್ಟಣಿಗರಿಗೆ 'ಮಚ್ಚು' ಎಂಬ ಮಾತು ಹೊಸದೇನೂ ಅಲ್ಲ. ಆದರೆ ಅದು ಕಾಣಿಸಿಕೊಳ್ಳುವ ಪುಟ ಬಹುಮಟ್ಟಿಗೆ ಒಂದೇ. ಅಪರಾಧ ವಾರ್ತೆಗಳ ಪುಟ. 1995ರಲ್ಲಿ ತೆರೆ ಕಂಡ 'ಓಂ' ಚಿತ್ರವಂತೂ ಈ ಆಯುಧಕ್ಕೆ ಒಂದು ಬಗೆಯ ಪಟ್ಟಾಭಿಷೇಕವನ್ನೇ ಮಾಡಿತು. ಉದ್ದನೆಯ ಮಚ್ಚಿಗೆ 'ಲಾಂಗು' ಎಂಬ ಅಡ್ಡಹೆಸರು ಬಂದು, ಹುಡುಗರ ಬಾಯಲ್ಲಿ ನಲಿಯತೊಡಗಿತು. ಬೀದಿಯ ತಿರುವಿನಲ್ಲಿ ಎಳನೀರು ಕೊಚ್ಚಿ ಕೊಡುವವನ ಕೈಯಲ್ಲಿರುವುದೂ ಅದೇ ವಸ್ತು ಎಂಬುದನ್ನು, ಎಳನೀರು ಕುಡಿಯುತ್ತ ನಿಂತವರು ನೆನೆಯುವುದಿಲ್ಲ. ನೆನೆಯದಿರುವುದೇ ಲೇಸು ಎಂದು ಯಾರಾದರೂ ಹೇಳಿಯಾರು.

ಗದಗ ಸೀಮೆಯಲ್ಲಿ ಈ ಮಾತು ಅಷ್ಟು ಕೇಳಿಬರುವುದಿಲ್ಲ. ಅಲ್ಲಿ ಮರಕ್ಕೆ ಕೊಡಲಿ, ಬೆಳೆಗೆ ಕುಡಗೋಲು, ಇವೆರಡರ ನಡುವಿನ ಕೆಲಸಕ್ಕೆ ಕೊಯ್ತಾ. ಮುಳ್ಳುಕಂಟಿ ಸವರುವುದು, ಒಲೆಗೆ ಟೊಂಗೆ ಕಡಿಯುವುದು, ಬೇಲಿಯ ಗೂಟ ಚೂಪು ಮಾಡುವುದು, ಕಬ್ಬು ಕಡಿಯುವುದು, ಎಲ್ಲಕ್ಕೂ ಕೊಯ್ತಾ ಒಂದೇ. ಹೆಸರು ಮರಾಠಿಯಿಂದ ಬಂದದ್ದು. ಬಂದದ್ದರಲ್ಲಿ ಸೋಜಿಗವಿಲ್ಲ, ಗದಗ ಮುಂಬಯಿ ಪ್ರಾಂತದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು. ಕಚೇರಿಯ ಮಾತುಗಳೊಂದಿಗೆ ಹೊಲದ ಮಾತುಗಳೂ ಗಡಿ ದಾಟಿ ಬಂದು ನೆಲೆಸಿದವು. ಆದರೆ ಕೊಯ್ತಾ ಮಾಡುವವನ ಹೆಸರು ಕನ್ನಡದ್ದಾಗಿಯೇ ಉಳಿಯಿತು: ಕಂಬಾರ. ಅವನ ಕೆಲಸದ ಮನೆ ಕಂಬಾರ ಸಾಲಿ. ಮೈಸೂರಿನ ಕಡೆಯವರು ಕಮ್ಮಾರ ಎನ್ನುವುದನ್ನು ಇಲ್ಲಿ ಹೀಗೆನ್ನುತ್ತಾರೆ. ಜ್ಞಾನಪೀಠ ಪುರಸ್ಕಾರ ಪಡೆದ ಚಂದ್ರಶೇಖರ ಕಂಬಾರರ ಹೆಸರನ್ನು ಬಲ್ಲ ಓದುಗರಿಗೆ ಅದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಮುಂಡರಗಿ, ಶಿರಹಟ್ಟಿ, ಗದಗ ತಾಲೂಕುಗಳ ನಡುವೆ ಕಪ್ಪತಗುಡ್ಡದ ಸಾಲು ಮಲಗಿದೆ. ಅದರ ಸುತ್ತಣ ಎರೆನೆಲದಲ್ಲಿ, ಹಳ್ಳದ ದಂಡೆಗಳಲ್ಲಿ, ಕೆರೆಯ ಅಂಗಳಗಳಲ್ಲಿ ಬಳ್ಳಾರಿ ಜಾಲಿ ಎಂಬ ಪೀಡೆ ಹಬ್ಬಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಖಂಡದ ಕಡೆಯಿಂದ ಈ ದೇಶಕ್ಕೆ ತಂದ ಗಿಡವದು. ಬರಡು ನೆಲವನ್ನು ಹಸಿರುಗೊಳಿಸಲೆಂದು ತಂದರು. ಅದು ಒಳ್ಳೆಯ ನೆಲವನ್ನೂ ಬಿಡಲಿಲ್ಲ. ಒಂದು ವರ್ಷ ಬೀಳುಬಿಟ್ಟ ಹೊಲದ ಬದುವಿನಲ್ಲಿ ಮೊಳಕಾಲೆತ್ತರ, ಮೂರು ವರ್ಷಕ್ಕೆ ಆನೆಯೂ ಹೊಗದಂಥ ಮೆಳೆ. ಕಡಿದರೆ ಬುಡದಿಂದ ನಾಲ್ಕು ಕವಲು ಚಿಗುರುತ್ತದೆ. ಮುಳ್ಳು ಕೆರವನ್ನು ತೂರಿ ಬರುತ್ತದೆ. ಕಟ್ಟಿಗೆಯೋ ಕಬ್ಬಿಣದ ತಮ್ಮ. ಇಂಥ ಗಿಡವನ್ನು ಕಡಿಯಲು ಕುಡಗೋಲು ಸಾಲದು. ಕೊಡಲಿಗೆ ಬೀಸಲು ಎಡೆಯಿಲ್ಲ. ಮುಳ್ಳಿನಿಂದ ಕೈ ದೂರವಿರುವಷ್ಟು ಉದ್ದ, ಒಂದೇ ಪೆಟ್ಟಿಗೆ ಟೊಂಗೆ ಬೀಳುವಷ್ಟು ತೂಕ, ಇವೆರಡೂ ಇರುವ ಕೊಯ್ತಾ ಬೇಕು.

ಅಂಥದೊಂದು ಹುಟ್ಟುವ ಬಗೆ ನೋಡತಕ್ಕದ್ದು.

ಕಂಬಾರನು ಗುಜರಿಯಿಂದ ಲಾರಿಯ ಇಲ್ಲವೆ ಟ್ರ್ಯಾಕ್ಟರ್ ಟ್ರೇಲರಿನ ಮುರಿದ ಕಮಾನು ಪಟ್ಟಿಯನ್ನು ತೂಕಕ್ಕೆ ಕೊಳ್ಳುತ್ತಾನೆ. ಹತ್ತಾರು ವರ್ಷ ಹೊರೆ ಹೊತ್ತು, ಹೊಂಡಗಳಲ್ಲಿ ಬಾಗಿ ಬಾಗಿ ಕೊನೆಗೆ ಮುರಿದ ಆ ಪಟ್ಟಿಯಲ್ಲಿ ಇಂಗಾಲದ ಅಂಶ ನೂರಕ್ಕೆ ಅರ್ಧದಿಂದ ಮುಕ್ಕಾಲಿನಷ್ಟಿರುತ್ತದೆ. ಕಟ್ಟಡಕ್ಕೆ ಬಳಸುವ ಮೆದು ಕಬ್ಬಿಣದಲ್ಲಿ ಇದು ತೀರ ಕಡಿಮೆ. ಆದುದರಿಂದ ಅದು ಕಾಸಿ ತಣಿಸಿದರೆ ಗಟ್ಟಿಯಾಗುವುದಿಲ್ಲ. ಕಂಬಾರನಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೂ ಗುಣ ಗೊತ್ತು. ಪಟ್ಟಿಯನ್ನು ಸಾಣೆಗೆ ಹಿಡಿದು ಕಿಡಿ ಹಾರುವ ರೀತಿಯನ್ನು ನೋಡುತ್ತಾನೆ. ಕಿಡಿ ಕವಲೊಡೆದು ಹೂವಾದರೆ ಉಕ್ಕು, ಉದ್ದನೆಯ ಗೆರೆಯಾಗಿ ಹೋದರೆ ಬರಿಯ ಕಬ್ಬಿಣ.

ಇಲ್ಲೊಂದು ಮಾತು ಹೇಳದೆ ಮುಂದುವರಿಯುವಂತಿಲ್ಲ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸ ಹಿಂದೂಸ್ಥಾನದ ಒಂದು ಬಗೆಯ ಲೋಹದ ಮೇಲೆ ಪ್ರಬಂಧ ಮಂಡಿಸಿದ. ಅದರಲ್ಲಿ ಆ ಲೋಹದ ಹೆಸರು 'ವೂಟ್ಜ್'. ಅದು ಕನ್ನಡದ 'ಉಕ್ಕು' ಎಂಬ ಮಾತೇ ಆಂಗ್ಲರ ಕಿವಿಯಲ್ಲಿ ತಿರುಚಿದ ರೂಪವೆಂಬುದು ವಿದ್ವಾಂಸರಲ್ಲಿ ಅನೇಕರ ಮತ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ತಯಾರಿಸುವುದನ್ನು ಬ್ಯುಕನನ್ 1800ರ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ. ಮುಂದಿನ ನೂರು ವರ್ಷಗಳಲ್ಲಿ ಅಗ್ಗದ ಪರದೇಶಿ ಕಬ್ಬಿಣ ಬಂತು, ಇದ್ದಿಲಿಗೆ ಮರ ಕಡಿಯದಂತೆ ಕಾಡಿನ ಕಾನೂನು ಬಂತು, ಆ ಮೂಸೆಗಳು ಆರಿಹೋದವು. ಕಪ್ಪತಗುಡ್ಡದ ಹೊಟ್ಟೆಯಲ್ಲಿ ಇಂದಿಗೂ ಕಬ್ಬಿಣದ ಅದಿರಿದೆ. ಅದರ ನೆರಳಲ್ಲಿ ಕುಳಿತ ಕಂಬಾರನು ಮಾತ್ರ ಎಲ್ಲಿಯದೋ ಕಾರಖಾನೆಯ ಲಾರಿಯ ಮುರಿದ ಪಟ್ಟಿಗಾಗಿ ಗುಜರಿಯವನೊಡನೆ ಚೌಕಾಸಿ ಮಾಡುತ್ತಾನೆ!

ಕುಲುಮೆಗೆ ಇದ್ದಿಲು ಬೇಕು. ಅದು ಬಹುಮಟ್ಟಿಗೆ ಅದೇ ಬಳ್ಳಾರಿ ಜಾಲಿಯದು. ಅದರ ಕೆಂಡ ನಿಗಿನಿಗಿ ಉರಿದು ಬಹುಕಾಲ ನಿಲ್ಲುತ್ತದೆ. ಜಾಲಿಯನ್ನು ಕಡಿಯುವ ಕೊಯ್ತಾ ಜಾಲಿಯ ಕೆಂಡದಲ್ಲಿಯೇ ಹುಟ್ಟುವುದೊಂದು ತಮಾಷೆ. ಹಿಂದೆ ತೊಗಲಿನ ತಿದಿಯಿತ್ತು. ಈಗ ವಿದ್ಯುತ್ತಿನ ಪಂಕ. ವಿದ್ಯುತ್ತು ಕೈಕೊಟ್ಟ ದಿನ ಕೈಯಿಂದ ತಿರುಗಿಸುವ ಹಳೆಯ ಪಂಕ ಮೂಲೆಯಿಂದ ಹೊರಬರುತ್ತದೆ.

ಪಟ್ಟಿಯನ್ನು ಕೆಂಡದಲ್ಲಿ ಹೂತು, ಅದು ಕೆಂಪಿನಿಂದ ಹಣ್ಣಾದ ಕಿತ್ತಳೆಯ ಬಣ್ಣಕ್ಕೆ ಬಂದಾಗ ಇಕ್ಕಳದಿಂದ ಎತ್ತಿ ಅಡಿಗಲ್ಲಿನ ಮೇಲಿಡುತ್ತಾರೆ. ಕುಳಿತವನ ಕೈಯಲ್ಲಿ ಚಿಕ್ಕ ಸುತ್ತಿಗೆ, ನಿಂತವನ ಕೈಯಲ್ಲಿ ಚಮಟಿಗೆ. ಚಿಕ್ಕ ಸುತ್ತಿಗೆ ಮಾತನಾಡುತ್ತದೆ, ದೊಡ್ಡದು ಕೆಲಸ ಮಾಡುತ್ತದೆ. ಎಲ್ಲಿ ಹೊಡೆಯಬೇಕೆಂಬುದನ್ನು ಚಿಕ್ಕ ಸುತ್ತಿಗೆ ತಟ್ಟಿ ತೋರಿಸಿದರೆ, ಚಮಟಿಗೆ ಅಲ್ಲಿಯೇ ಬೀಳಬೇಕು. ಬಾಯಿಂದ ಒಂದು ಮಾತೂ ಇಲ್ಲ. ಅನೇಕ ಕಂಬಾರ ಸಾಲಿಗಳಲ್ಲಿ ಚಮಟಿಗೆ ಹಿಡಿಯುವವಳು ಮನೆಯ ಹೆಂಗಸು. ಊರಿಂದೂರಿಗೆ ಬಂಡಿ ಕಟ್ಟಿಕೊಂಡು ತಿರುಗುವ ಘಿಸಾಡಿಗಳಲ್ಲಂತೂ ಸೆರಗು ಬಿಗಿದು ಚಮಟಿಗೆ ಬೀಸುವ ತಾಯಂದಿರ ನೋಟ ಸಾಮಾನ್ಯವಾದುದು. ಹೆಂಗಸರಿಗೆ ಭಾರದ ಕೆಲಸ ಒಗ್ಗದೆಂದು ವಾದಿಸುವ ಮಹನೀಯರು ಒಮ್ಮೆ ಅಂಥ ಬಂಡಿಯ ಮುಂದೆ ನಿಂತು ಬರಬೇಕು.

ಕೊಯ್ತಾದ ಬೆನ್ನು ದಪ್ಪವಾಗಿ ಉಳಿಯಬೇಕು, ಬಾಯಿ ತೆಳುವಾಗಬೇಕು. ಹಿಡಿಯ ಕಡೆ ಕಿರಿದಾಗಿ, ಮೂತಿಯ ಕಡೆ ಅಗಲವಾಗಿ, ತೂಕ ಮುಂದಕ್ಕೆ ಬೀಳಬೇಕು. ಆ ಮುಂದೊಲೆಯುವ ತೂಕವೇ ಅರ್ಧ ಕೆಲಸ ಮಾಡುವುದು. ಕೈ ದಾರಿ ತೋರಿಸಿದರೆ ಸಾಕು. ಕಾರಖಾನೆಯ ಅಲಗನ್ನು ಒಂದೇ ದಪ್ಪದ ತಗಡಿನಿಂದ ಕತ್ತರಿಸಿ ತೆಗೆಯುತ್ತಾರೆ. ಹುಲ್ಲಿಗೆ, ಎಳೆಯ ಕಬ್ಬಿಗೆ ಅದು ಚೆನ್ನಾಗಿಯೇ ನಡೆಯುತ್ತದೆ, ಬೆಲೆಯೂ ಸರಸ. ಜಾಲಿಯ ಬೊಡ್ಡೆಗೆ ಹೊಡೆದರೆ ಪುಟಿದು ಬರುತ್ತದೆ, ಮೊಳಕೈ ಜೋಮು ಹಿಡಿಯುತ್ತದೆ.

ರೂಪ ಬಂದ ಮೇಲೆ ಹದ. ಇಲ್ಲಿಯೇ ಕಂಬಾರನ ಮಾನ ನಿಲ್ಲುವುದು, ಹೋಗುವುದು. ಬಾಯಿಯ ಅಂಚನ್ನು ಸುಮಾರು ಎಂಟುನೂರು ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಾಸಬೇಕು. ಅವನಲ್ಲಿ ಮಾಪಕವಿಲ್ಲ, ಕುಲುಮೆಯನ್ನು ಕತ್ತಲೆಯ ಮೂಲೆಯಲ್ಲಿ ಇಡುವುದೇ ಬಣ್ಣ ಕಾಣಲೆಂದು. ಆ ಬಣ್ಣ ಬಂದೊಡನೆ ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಇದಕ್ಕೆ ನೀರು ಕುಡಿಸುವುದು ಎನ್ನುತ್ತಾರೆ. ಪೂರ್ತಿ ಮುಳುಗಿಸಿದರೆ ಅಲಗು ಬಿರುಕು ಬಿಡುವುದುಂಟು, ಬಿಡದಿದ್ದರೆ ಗಾಜಿನಂತೆ ಪೆಡಸಾಗುವುದುಂಟು. ಬಾಯಿ ತಣಿದರೂ ಬೆನ್ನಿನಲ್ಲಿ ಕಾವು ಉಳಿದಿರುತ್ತದೆ. ಅಲಗನ್ನು ಎತ್ತಿ, ಕಲ್ಲಿನ ಚೂರಿನಿಂದ ಉಜ್ಜಿ ಹೊಳಪು ಮಾಡಿ, ನೋಡುತ್ತ ಕೂಡುತ್ತಾನೆ. ಬೆನ್ನಿನ ಕಾವು ಮೆಲ್ಲಗೆ ಬಾಯಿಯ ಕಡೆ ಹರಿದು ಬರುವಾಗ ಲೋಹದ ಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಿಳೆ, ಕೊನೆಗೆ ನವಿಲುಗೊರಳಿನ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಬಾಯಿ ಹರಿತವಾದರೂ ಚಕ್ಕೆ ಏಳುತ್ತದೆ. ನೀಲಿ ದಾಟಲು ಬಿಟ್ಟರೆ ಮೆದುವಾಗಿ ಮಡಚಿಕೊಳ್ಳುತ್ತದೆ. ಕಟ್ಟಿಗೆ ಕಡಿಯುವ ಕೊಯ್ತಾಕ್ಕೆ ನೇರಿಳೆ ಹೋಗಿ ನೀಲಿ ಇಣುಕುವ ಹೊತ್ತು ಸರಿ. ಆ ಹೊತ್ತು ಕಣ್ಣು ಮಿಟುಕಿಸುವಷ್ಟೇ, ಮತ್ತೆ ನೀರಿಗೆ.

ಕಂಬಾರನ ಕೈಯಿಂದ ಬಂದುದೆಲ್ಲ ಉತ್ತಮವೆಂದರೆ ಸುಳ್ಳಾದೀತು. ಪಟ್ಟಿಯಲ್ಲಿ ಮೊದಲೇ ಕಣ್ಣಿಗೆ ಕಾಣದ ಬಿರುಕಿದ್ದರೆ, ಅಂದು ನೀರು ತೀರ ತಣ್ಣಗಿದ್ದರೆ, ಅವನ ಮನಸ್ಸು ಮಗಳ ಮದುವೆಯ ಸಾಲದ ಮೇಲಿದ್ದರೆ ಹದ ಕೆಡುತ್ತದೆ. ಆದರೆ ಕೆಟ್ಟುದನ್ನು ಹಿಡಿದುಕೊಂಡು ಹೋಗಿ ಎದುರು ನಿಲ್ಲಬಹುದು. ಅವನ ಮನೆ ಗೊತ್ತು. ಕಾರಖಾನೆಯ ಮನೆ ಎಲ್ಲಿ?

ಹೊಸದು ಮಾಡಿಸುವವರಿಗಿಂತ ಹಳೆಯದನ್ನು ಹಣಿಸುವವರೇ ಹೆಚ್ಚು. ಹಣಿಸುವುದೆಂದರೆ ಸವೆದ ಬಾಯಿಯನ್ನು ಕಾಸಿ ಬಡಿದು ಮತ್ತೆ ತೆಳುಮಾಡಿ ನೀರು ಕುಡಿಸುವುದು. ಮುಂಗಾರಿನ ಮೊದಲು ಕುಂಟೆ, ಕುಡ, ಕುಡಗೋಲುಗಳನ್ನು ಹೊತ್ತು ರೈತರು ಸಾಲು ಹಿಡಿದು ಕೂಡುತ್ತಿದ್ದ ಕಾಲವಿತ್ತು. ಆಗ ಹಣದ ಮಾತಿಲ್ಲ. ವರ್ಷಕ್ಕೊಮ್ಮೆ ಕಣದಲ್ಲಿ ಜೋಳದ ರಾಶಿಯಾದಾಗ ಕಂಬಾರನಿಗೆ ಆಯ ಸಲ್ಲುತ್ತಿತ್ತು. ಬಡಿಗನಿಗೂ ಹಾಗೆಯೇ. ಈ ಪದ್ಧತಿಯನ್ನು ಹೊಗಳಿ ಕಣ್ಣೀರು ತುಂಬಿಕೊಳ್ಳುವವರಿದ್ದಾರೆ. ಮಳೆ ಹೋದ ವರ್ಷ ರಾಶಿಯೂ ಇಲ್ಲ, ಆಯವೂ ಇಲ್ಲ, ಕೆಲಸ ಮಾತ್ರ ತಪ್ಪದು ಎಂಬುದನ್ನು ಅವರು ಮರೆಯುತ್ತಾರೆ. ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾದ ಮೇಲೆ ಕುಡ ಹಣಿಸುವ ಕೆಲಸ ಇಳಿಯಿತು; ಆಯದ ಜಾಗದಲ್ಲಿ ರೂಪಾಯಿ ಬಂತು. ಈಗ ಕಂಬಾರ ಸಾಲಿಯನ್ನು ಉಸಿರಾಡಿಸುತ್ತಿರುವುದರಲ್ಲಿ ಕೊಯ್ತಾ, ಕೊಡಲಿಗಳ ಪಾಲು ದೊಡ್ಡದು.

ಸರಕಾರಕ್ಕೆ ಇದು ತಿಳಿಯದೆ ಇಲ್ಲ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರ ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಯ ದಿನಗಳಿಗೆ 500 ರೂಪಾಯಿಯ ಭತ್ಯ, ಸಲಕರಣೆಗೆ 15,000 ರೂಪಾಯಿ, ನೂರಕ್ಕೆ ಐದರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ತೀರಿಸಿದರೆ ಎರಡು ಲಕ್ಷ ಸಾಲ. ಒಳ್ಳೆಯದೇ. ಗದಗ ತಾಲೂಕಿನ ಕಣಗಿನಹಾಳದಲ್ಲಿಯೇ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶಕ್ಕೆ ಮೇಲ್ಪಂಕ್ತಿಯಾದ ಸಹಕಾರಿ ಸಂಘವನ್ನು ಕಟ್ಟಿದವರು. ಕಡಿಮೆ ಬಡ್ಡಿಯ ಸಾಲದ ಬೆಲೆಯನ್ನು ಈ ನೆಲಕ್ಕೆ ಯಾರೂ ಕಲಿಸಬೇಕಿಲ್ಲ. ಆದರೆ ಸಾಲದಿಂದ ಪಂಕ ಕೊಳ್ಳಬಹುದು, ಸಾಣೆಯ ಯಂತ್ರ ಕೊಳ್ಳಬಹುದು. ಪಿ.ಯು.ಸಿ. ಮುಗಿಸಿದ ಮಗನನ್ನು ಹೊಗೆಯ ಮುಂದೆ ಕೂಡ್ರಿಸುವುದು ಹೇಗೆ?

ಕಂಬಾರನಿಗೆ ಈಚೆಗೆ ಬಂದ ತೊಡಕು ಇನ್ನೊಂದು. ಮೊಬೈಲ್ ಹಿಡಿದ ಹುಡುಗನೊಬ್ಬ ಮೋಟಾರು ಸೈಕಲ್ಲಿನಿಂದ ಇಳಿದು, "ಕಾಕಾ, ಉದ್ದಂದೊಂದು ಮಾಡಿಕೊಡ್ರಿ" ಎಂದರೆ ಅವನ ಸುತ್ತಿಗೆ ನಿಲ್ಲುತ್ತದೆ.

"ಯಾವೂರ ತಮ್ಮಾ? ಯಾರ ಪೈಕಿ?"

"ಇಲ್ಲೇ ಶಿರಹಟ್ಟಿ ಕಡೇರಿ."

"ಹೊಲಾ ಎಲ್ಲೈತಿ? ಏನ ಕಡೀಬೇಕು ಅದರಾಗ?"

ಬದುವಿನ ಜಾಲಿಯ ಮಾತು, ಹೊಲದ ಗುರುತು, ಅಪ್ಪನ ಹೆಸರು ಸಲೀಸಾಗಿ ಬಂದರೆ ಕೆಲಸ ಮುಂದುವರಿಯುತ್ತದೆ. ಹುಡುಗ ತಡವರಿಸಿದರೆ, "ಪಟ್ಟಿ ಇಲ್ಲೋ ತಮ್ಮಾ, ನಿಮ್ಮಪ್ಪನ್ನ ಕರಕೊಂಡ ಬಾ, ನೋಡೂಣು" ಎಂಬ ಉತ್ತರ. ಯಾವ ಠಾಣೆಯೂ ಕಲಿಸದ ವಿಚಾರಣೆಯಿದು.

ಕಾನೂನಿಗೂ ಈ ವಿಚಾರಣೆ ಸುಲಭವಲ್ಲ. 1959ರ ಆಯುಧ ಕಾಯಿದೆ ಹರಿತವಾದ ಶಸ್ತ್ರಗಳನ್ನು ಆಯುಧವೆಂದು ಎಣಿಸುವಾಗಲೇ, ಮನೆ ಮತ್ತು ಬೇಸಾಯದ ಬಳಕೆಗೆಂದೇ ರೂಪಿಸಿದವುಗಳನ್ನು ಹೊರಗಿಟ್ಟಿತು. ಅದರ ಕೆಳಗೆ 1962ರಲ್ಲಿ ಮಾಡಿದ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದದ, ಇಲ್ಲವೆ ಎರಡು ಅಂಗುಲಕ್ಕಿಂತ ಅಗಲದ ಅಲಗಿಗೆ ಗೆರೆ ಎಳೆದುವು. ಅಲ್ಲಿಯೂ ಬೇಸಾಯದ್ದಕ್ಕೆ ವಿನಾಯಿತಿ. ಅಳತೆಗೋಲು ಹಿಡಿದರೆ ಕೊಯ್ತಾ ಗೆರೆಯ ಆಚೆಗಿದೆ. ಉದ್ದೇಶ ಕೇಳಿದರೆ ಈಚೆಗಿದೆ. ಹೊಲದ ಬದುವಿನಲ್ಲಿ ಉಪಕರಣ, ರಾತ್ರಿಯ ಬಸ್ ನಿಲ್ದಾಣದಲ್ಲಿ ಆಯುಧ.

ಈ ಸೀಮೆ ಆಯುಧದ ಕಾಯಿದೆಯನ್ನು ಹಿಂದೊಮ್ಮೆ ಬೇರೆಯ ರೀತಿಯಲ್ಲಿ ಕಂಡಿದೆ. 1857ರಲ್ಲಿ ಕಂಪನಿ ಸರಕಾರ ಜನರ ಕೈಯ ಆಯುಧಗಳನ್ನು ಕಸಿಯಹೊರಟಿತು. ಅದೇ ನವೆಂಬರಿನಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಿಸಲಾರೆವೆಂದು ಎದ್ದರು, ಊರು ಸುಟ್ಟುಹೋಯಿತು. ಮರುವರ್ಷದ ಮೇ ತಿಂಗಳಲ್ಲಿ ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಕೆಂಚನಗೌಡನು ಆಯುಧ ಕೂಡಿಟ್ಟಿದ್ದ ಸುದ್ದಿ ಅಧಿಕಾರಿಗಳಿಗೆ ತಿಳಿಯಿತು. ಅಲ್ಲಿಂದ ಹೊತ್ತಿದ ಕಿಡಿಯಿಂದಲೇ ಮುಂಡರಗಿಯ ಭೀಮರಾಯನ ದಂಗೆ. ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆ ಹೊಕ್ಕು, ಜೂನ್ 1ರಂದು ಆ ಕೋಟೆಯಲ್ಲಿಯೇ ಭೀಮರಾಯನೂ ಕೆಂಚನಗೌಡನೂ ಮಡಿದರು. ಬ್ರಿಟಿಷರೇ ಕೊಡಗಿನವರ ಮಟ್ಟಿಗೆ ಮಾತ್ರ ಆಯುಧಕ್ಕೆ ವಿನಾಯಿತಿ ಕೊಟ್ಟರು. ಕೊಡವರ ಒಡಿಕತ್ತಿ ಮೂಲದಲ್ಲಿ ಮೆಳೆ ಕಡಿಯುವ ಅಲಗಿನ ಅಣ್ಣನೇ; ಬೆನ್ನ ಹಿಂದಿನ ಹಿತ್ತಾಳೆಯ ಕೊಕ್ಕೆಗೆ ಅದನ್ನು ಒರೆಯಿಲ್ಲದೆ ಸಿಕ್ಕಿಸಿಕೊಳ್ಳುತ್ತಾರೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವು ಏರುತ್ತದೆ. ಗದಗಿನ ಕೊಯ್ತಾಕ್ಕೆ ಅಂಥ ಗೌರವವಿಲ್ಲ. ಮಹಾನವಮಿಯಂದು ಕುಂಟೆ, ಕೂರಿಗೆಗಳ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಒರಗಿರುತ್ತದೆ.

ಕಪ್ಪತಗುಡ್ಡದ ಮಾತು ಬೇರೆ. 2010ರ ಜೂನಿನಲ್ಲಿ ದಕ್ಷಿಣ ಕೊರಿಯದ ಪಾಸ್ಕೋ ಕಂಪನಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ವರ್ಷಕ್ಕೆ ಅರುವತ್ತು ಲಕ್ಷ ಟನ್ ಉಕ್ಕು ತೆಗೆಯುವ ಕಾರಖಾನೆಗೆ ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಸಾವಿರಾರು ಎಕರೆ ಎರೆನೆಲ ಬೇಕಾಯಿತು. ರೈತರು ಒಲ್ಲೆವೆಂದರು; ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2011ರ ಜುಲೈಯಲ್ಲಿ ಸರಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಉಕ್ಕು ಎಂಬ ಮಾತನ್ನು ಲೋಕಕ್ಕೆ ಕೊಟ್ಟ ಭಾಷೆಯವರು ಉಕ್ಕಿನ ಕಾರಖಾನೆಯನ್ನು ಬೇಡವೆಂದುದನ್ನು ಕೆಲವರು ಹಳ್ಳಿಗರ ಹಿಂಜರಿತವೆಂದರು. ಎರಡು ಬೆಳೆ ಕೊಡುವ ಎರೆಯನ್ನು ಕೊಟ್ಟು ಕೂಲಿಯ ಚೀಟಿ ಪಡೆಯುವ ಲಾಭ ಎಷ್ಟೆಂಬುದನ್ನು ಅವರು ಲೆಕ್ಕ ಹಾಕಿದಂತಿಲ್ಲ. ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿದರು, 2016ರಲ್ಲಿ ಹಿಂತೆಗೆದರು, ಹೋರಾಟದ ಬಿಸಿಗೆ 2017ರಲ್ಲಿ ಮತ್ತೆ ಸಾರಿದರು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು.

ಗುಡ್ಡ ಉಳಿಯಿತು, ಬಹು ದೊಡ್ಡ ಮಾತು. ಆದರೆ 1972ರ ವನ್ಯಜೀವಿ ಕಾಯಿದೆಯಲ್ಲಿ ಆಯುಧದ ಅರ್ಥ ಬೇರೆ; ಅಲ್ಲಿ ಚಾಕುವೂ ಆಯುಧ, ಕೊಕ್ಕೆಯೂ ಆಯುಧ, ಬಲೆಯೂ ಆಯುಧ. ಅಪ್ಪಣೆಯಿಲ್ಲದೆ ಅವನ್ನು ಹಿಡಿದು ಧಾಮದೊಳಗೆ ಹೆಜ್ಜೆ ಇಡುವಂತಿಲ್ಲ. ಹೀಗಾಗಿ ಹೊಲದ ಬದುವಿನಲ್ಲಿ ನಿಂತಾಗ ಉಪಕರಣವಾಗಿದ್ದ ಕೊಯ್ತಾ, ಧಾಮದ ಗಡಿಯ ಕಲ್ಲನ್ನು ದಾಟಿದೊಡನೆ ಆಯುಧವಾಗುತ್ತದೆ. ಗುಡ್ಡದ ಒಣಕಟ್ಟಿಗೆ ಹೊತ್ತು ಮಾರಿ ಬದುಕುತ್ತಿದ್ದ ಮುದುಕಿಯರಿಗೆ ಈ ಎರಡು ಕಾಯಿದೆಗಳ ನಡುವಣ ಕಲ್ಲು ಕಣ್ಣಿಗೆ ಬೀಳುವುದು ಕಷ್ಟ. ಕಟ್ಟಿಗೆ ಮಾರಿಯೇ ಜಂಗಮ ದಾಸೋಹ ನಡೆಸಿದನೆಂದು ಮೋಳಿಗೆ ಮಾರಯ್ಯನ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗಿದವರು ಅವರು. ಗುಡ್ಡವನ್ನು ಗಣಿಯವರಿಂದ ಕಾಯುವುದೂ ಬೇಕು, ಆ ಮುದುಕಿಯ ಒಲೆಗೆ ಬದಲು ದಾರಿಯೂ ಬೇಕು. ಗುಡ್ಡದ ಸಸಿ ಬಿಟ್ಟು ಬಯಲಿನ ಬಳ್ಳಾರಿ ಜಾಲಿಯನ್ನು ಕಡಿದೊಯ್ಯಲು ಬಡವರಿಗೆ ಬಿಡಿಯಾಗಿ ಅವಕಾಶ ಮಾಡಿಕೊಟ್ಟರೆ ಎರಡು ಕೆಲಸವೂ ಆದೀತು. ಕೆರೆಯಂಗಳದ ಜಾಲಿಗೂ ಹರಾಜು ಕರೆದು ಗುತ್ತಿಗೆದಾರನಿಗೆ ಒಪ್ಪಿಸಿದರೆ ಆಗದು.

ಪರದೇಶದಲ್ಲಿಯೂ ಈ ಅಲಗಿನ ಕಥೆ ದೊಡ್ಡದು. ಅಮೆರಿಕದ ಕನೆಕ್ಟಿಕಟ್ಟಿನಲ್ಲಿ 1826ರಲ್ಲಿ ಕೊಡಲಿ ಮಾಡಲು ಹುಟ್ಟಿದ ಕಾಲಿನ್ಸ್ ಕಂಪನಿ, ಮುಂದೆ ದಕ್ಷಿಣ ಅಮೆರಿಕದ ಕಬ್ಬಿನ ತೋಟಗಳಿಗೆಲ್ಲ 'ಮಚೇಟಿ' ಒದಗಿಸಿತು. ನೂರಾರು ಆಕಾರಗಳ ಪಟ್ಟಿ ಅಚ್ಚು ಹಾಕಿಸಿ ಮಾರಿದ ಆ ಕಾರಖಾನೆ 1966ರಲ್ಲಿ ಬಾಗಿಲು ಮುಚ್ಚಿತು. ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಂಬಾರ ಸಾಲಿ ಯಾವ ಪಟ್ಟಿಯನ್ನೂ ಅಚ್ಚು ಹಾಕಿಸಲಿಲ್ಲ. ಗಿರಾಕಿಯ ಮೊಳಕೈ ಅಳತೆಯೇ ಅದರ ಪಟ್ಟಿ. ಎಡಚನಿಗೆ ಬಾಯಿಯನ್ನು ಇನ್ನೊಂದು ಮಗ್ಗುಲಿಗೆ ಇಳಿಜಾರು ಮಾಡಿಕೊಡುವುದು, ಮುದುಕನಿಗೆ ಬೆನ್ನು ತುಸು ತೆಳುಮಾಡಿ ತೂಕ ಇಳಿಸುವುದು, ಇವಕ್ಕೆ ಬೇರೆ ಕೂಲಿ ಕೇಳುವ ರೂಢಿಯಿಲ್ಲ.

ಕೊಯ್ತಾ ತಯಾರಾದ ಮೇಲೆ ಗಿರಾಕಿ ಅದನ್ನು ಹೊಗಳುವುದಿಲ್ಲ. ಹಿಡಿ ಹಿಡಿದು ಎರಡು ಸಲ ಗಾಳಿಗೆ ತೂಗುತ್ತಾನೆ. ಬೆನ್ನಿಗೆ ಉಗುರು ತಾಗಿಸಿ ದನಿ ಕೇಳುತ್ತಾನೆ. ಸಾಲಿಯ ಮುಂದೆ ಇದಕ್ಕೆಂದೇ ಬಿದ್ದಿರುವ ಒಣ ಜಾಲಿಯ ಬೊಡ್ಡೆಗೆ ಓರೆಯಾಗಿ ಒಂದು ಪೆಟ್ಟು ಹಾಕಿ, ಅಂಚನ್ನು ಬಿಸಿಲಿಗೆ ಹಿಡಿದು ಚಕ್ಕೆ ಎದ್ದಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡುತ್ತಾನೆ. ಕಂಬಾರನು ಅತ್ತ ನೋಡದವನಂತೆ ಕೆಂಡ ಕೆದಕುತ್ತಿರುತ್ತಾನೆ.

"ಎಷ್ಟ ಕೊಡಬೇಕ್ರಿ ಕಾಕಾ?"

ಅಲ್ಲಿಂದ ಮುಂದಿನದು ಚೌಕಾಸಿ. ಅದಕ್ಕೆ ಇನ್ನೂ ಅರ್ಧ ತಾಸು ಹಿಡಿಯುತ್ತದೆ.